ಏಳನೇ ಬುರುಡೆ

ಕಾಗದದಲ್ಲಿ ಇದರ ಹೆಸರು ಎರಡು ಸಾಲು.
ತಾರಿಹಾಳದ ನಮ್ಮ ಶೆಡ್ಡಿನಲ್ಲಿ ಬರೀ ಬುರುಡೆ.
ಏನು ಕೆಲಸ ಮಾಡತೀರಿ ಅಂತ ಚಹಾದಂಗಡಿಯವ ಕೇಳಿದರೆ
'ಸಮುದ್ರಕ್ಕ ಬುರುಡಿ ಬಿಡತೀವಿ' ಅನ್ನುತ್ತಾನೆ ಹಸನಸಾಬ.
ಇಡೀ ಬೆಂಚು ನಗುತ್ತದೆ.

ಬಾವಿಯಲ್ಲಿ ಈಜು ಕಲಿಯುವಾಗ ಸೊಂಟಕ್ಕೆ ಕಟ್ಟಿದ
ಒಣ ಸೋರೆಯಷ್ಟೇ ದಪ್ಪ. ಕಿತ್ತಳೆ ಬಣ್ಣ.
ಅಡಿಗೆ ಸೀಸದ ಗುಂಡು, ನೆತ್ತಿಗೆ ಎರಡು ಮೊಳ ಸ್ಟೀಲಿನ ಕಡ್ಡಿ,
ಹೊಟ್ಟೆಯೊಳಗೆ ನಾನು ಬೆಸೆದ ಹಸಿರು ಹಲಗೆ.
ಕೆಲಸ ಒಂದೇ: ತೇಲುತ್ತ ಕಿವಿಗೊಡುವುದು.

ಮೊದಲು ಉಣಕಲ್ ಕೆರೆಗೆ ಒಯ್ದೆವು.
ಕೆರೆಗೆ ಎಲ್ಲವೂ ಕೇಳಿಸುತ್ತಿತ್ತು.
ಹಿಟ್ಟಿನ ಗಿರಣಿಯ ಮೋಟರು, ಆಟೋದ ಕಿಡಿ,
ಯಾರದೋ ಅಡುಗೆಮನೆಯ ಸಾಯಲೊಲ್ಲದ ಟ್ಯೂಬಲೈಟು,
ಎಲ್ಲರ ಮೇಲೆ ಧಾರವಾಡದ ಆಕಾಶವಾಣಿ,
ಮದುವೆಮನೆಯ ಸೋದರಮಾವನ ಹಾಗೆ
ಪಡಸಾಲೆಯ ನಟ್ಟನಡುವೆ ಕೂತು.
ಹಂಪಿಹೊಳಿ ಮೇಡಂ ಹೆಡ್‌ಫೋನು ಕಳಚಿ
'ಉಪ್ಪುನೀರೇ ಬೇಕು' ಅಂದರು.

ಹಸನಸಾಬ ಕಡಲು ಕಂಡವನಲ್ಲ.
ಲೇಥಿಗೆ ಬರುವ ಮೊದಲು ಗದಗಿನ ಓಣಿ ಓಣಿ
ಬಿಲ್ಲು ಹೊತ್ತು ಅರಳೆ ಹಿಂಜಿದವನು.
'ಗಾದಿಯೊಳಗ ಕಸ ಇದ್ದರ ನಾರಿ ಗೊಗ್ಗರ,
ಅರಳಿ ಬಿಚ್ಚಿದಂಗ ದನಿ ತೆಳ್ಳಗ.
ಕಣ್ಣಾಗ ಧೂಳ ತುಂಬಿರತಿತ್ತು, ಕಿವಿಲೇ ನೋಡತಿದ್ವಿ.'
ಆಮೇಲೆ ಕೇಳಿದ:
'ಆ ನಡುನೀರಾಗ ಕೂಗೋರು ಯಾರ ಅದಾರ, ನೀಲವ್ವಾ?'

ಮೇಡಂ ಹೇಳಿದ್ದನ್ನೇ ಹೇಳಿದೆ.
ಬಲೆಗೆ ಕಟ್ಟಿದ ಬೀಕನ್ನು, ದಿಕ್ಕು ತಪ್ಪಿದ ದೋಣಿ,
ಬ್ಯಾಟರಿ ತಳ ಕಂಡ ಇನ್ಯಾವುದೋ.
ಟಾರ್ಚಿನ ಬಲ್ಬಿನ ಐದನೇ ಒಂದು ಪಾಲು ಕಸುವು.
ಒಂದು ಸಲಕ್ಕೆ ಕೇಳಿಸದು. ನೂರು ಸಲ ಕೇಳಿ
ಒಂದರ ಮೇಲೊಂದು ಹಾಸಬೇಕು, ಕೌದಿಯ ಪದರಿನಂತೆ.
ಗದ್ದಲ ಒಂದೇ ಮಾತನ್ನು ಎರಡು ಸಲ ಆಡುವುದಿಲ್ಲ,
ತನ್ನನ್ನು ತಾನೇ ಒರೆಸಿಕೊಂಡು ಹೋಗುತ್ತದೆ.
ಸೋತ ದನಿಯ ಹತ್ತಿರ ಇರುವುದು ಒಂದೇ ಮಾತು,
ಅದಕ್ಕೇ ಉಳಿಯುತ್ತದೆ.

'ಬಡವರ ಅರ್ಜಿ ಇದ್ದಂಗ' ಅಂದ ಹಸನಸಾಬ.

ಹನ್ನೆರಡು ಬುರುಡೆ ಅರಬೈಲು ಘಟ್ಟ ಇಳಿದವು.
ಮುಚ್ಚಳ ಅವನೇ ಬಿಗಿದದ್ದು,
ರಬ್ಬರಿನ ಬಳೆಗೆ ಗ್ರೀಸು ಸವರಿ, ಆರು ಬೋಲ್ಟು, ಎದುರುಬದುರು,
ಗಾದಿಗೆ ಟಾಕು ಹಾಕುವವನ ಅವಸರವಿಲ್ಲದ ಕೈ.
ಮಳೆ ಹಿಡಿದ ಎರಡನೇ ವಾರ ಏಳನೆಯದು ಹಗ್ಗ ಹರಿದುಕೊಂಡಿತು.
ರಿಜಿಸ್ಟರಿನಲ್ಲಿ ಕೆಂಪು ಗೆರೆ ಎಳೆದೆ.

ಗಣಪತಿ ಮುಳುಗಿ ನಾಲ್ಕು ದಿನವಾಗಿತ್ತು. ರಾತ್ರಿ ಪಾಳಿ.
ಉಳಿದ ಬುರುಡೆಗಳು ಕೇಳಿದ್ದನ್ನೆಲ್ಲ ದಂಡೆಯ ಗೋಪುರಕ್ಕೆ ಒಪ್ಪಿಸಿ,
ಅಲ್ಲಿಂದ ನಮ್ಮ ಪರದೆಗೆ.
ನೀಲಿ ಕಸದ ನಡುವೆ ಒಂದು ಕೂದಲೆಳೆ.
ಅಲೆ ಕಡ್ಡಿಯ ಮೇಲೆ ಹಾದಾಗ ಕಡಿದು, ಇಳಿದಾಗ ಕೂಡಿ.
ಮೂರನೆಯದಕ್ಕೆ ಅರ್ಧ ಅಕ್ಷರ ಸಿಕ್ಕಿತ್ತು, ಹತ್ತನೆಯದಕ್ಕೆ ಕಾಲು.
ಇನ್ನೂರ ಹದಿನಾಲ್ಕು ಪದರು ಹಾಸಿದ ಮೇಲೆ ಓದಲು ಬಂತು:

ಏಳು. ಏಳು. ಒಳಗೆ ನೀರಿಲ್ಲ. ಮೂರು ಪಾಯಿಂಟ್ ಒಂದು ವೋಲ್ಟು.

ಹಸನಸಾಬ ಪರದೆ ನೋಡಲಿಲ್ಲ,
ತನ್ನ ಹೆಬ್ಬೆರಳು ನೋಡಿಕೊಂಡ.
'ಕೇಳಿಸ್ತು ಅಂತ ಅದಕ್ಕ ತಿಳಸೂದು ಹ್ಯಾಂಗ?'
ಬರುವುದಿಲ್ಲ ಅಂದೆ. ನಮ್ಮ ಮಾತು ಕೇಳುವ ಭಾಗವನ್ನು
ಖರ್ಚು ಹೆಚ್ಚಾಯಿತೆಂದು ಮೊದಲ ಮೀಟಿಂಗಿನಲ್ಲೇ ಕೈಬಿಟ್ಟಿದ್ದೆವು.

ಮೂರು ಪಾಯಿಂಟ್ ಸೊನ್ನೆ.

ಅವನು ಎದ್ದು ಲೇಥು ನಿಲ್ಲಿಸಿದ. ಆಮೇಲೆ ಫ್ಯಾನು.
ಆಮೇಲೆ ಗುಂಯ್‌ಗುಡುವ ಟ್ಯೂಬಲೈಟು.
ಕಡಲು ಇಲ್ಲಿಂದ ನೂರು ನೂರೈವತ್ತು ಕಿಲೋಮೀಟರು,
ನಮ್ಮ ಶೆಡ್ಡಿನ ಸದ್ದು ಅಲ್ಲಿಗೆ ಮುಟ್ಟುವುದಿಲ್ಲ,
ಅವನಿಗೂ ಗೊತ್ತು.
ಬೈಪಾಸಿನಲ್ಲಿ ಲಾರಿಯೊಂದು ಹಾರ್ನು ಹೊಡೆದಾಗ
ಬಾಗಿಲ ಕಡೆ ತಿರುಗಿ
'ಶ್' ಅಂದ.